ಎಡಗೈ ಎತ್ತಿದ ಕುಂಬಾರ

"ಬಲಗೈ ಬಂತು ಕಣಯ್ಯ. ಎಡಗೈ ಇನ್ನೂ ಕುಂಬಾರಂದೇ."

ಗಂಡನಿಗೆ ಇಷ್ಟು ಹೇಳಿ ಈರಕ್ಕ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಬಹಳ ಹಿಂದಿನ ಮಾತು. ಕಂಚಿನಕೋಟೆ ಅಂತ ಒಂದು ರಾಜ್ಯ. ಅಲ್ಲಿ ಈರಕ್ಕ ಮದ್ದಳೆ ನುಡಿಸುತ್ತಿದ್ದಳು. ಗಂಡ ಸಣ್ಣೋಬ ಗಡಿಗೆ ಮಾಡುತ್ತಿದ್ದ. ಅವನಿಗೂ ಮದ್ದಳೆ ಕಲಿಸುತ್ತಿದ್ದಳು. ಮದ್ದಳೆಯ ಸದ್ದಿಗೆ ಹೆದರಿ ಮಾಂತ್ರಿಕ ಕಾಳಬಂಧ ಊರೊಳಗೆ ಕಾಲಿಡುತ್ತಿರಲಿಲ್ಲ. ಅವಳು ಹೋದಳು. ಅವನು ಬಂದ. ಊರ ಮಕ್ಕಳನ್ನೆಲ್ಲ ಗೊರವಂಕ ಹಕ್ಕಿ ಮಾಡಿ, ಪಂಜರಕ್ಕೆ ತುಂಬಿ, ತನ್ನ ಬೆಟ್ಟಕ್ಕೆ ಒಯ್ದ. ಸಣ್ಣೋಬನ ಮಗಳು ಪುಟ್ಟಕ್ಕಿಯೂ ಅದರಲ್ಲಿದ್ದಳು.

ರಾಜ ಹೇಳಿದ, "ಮದ್ದಳೆಯ ಎರಡೂ ಮುಖ ಸರಿಯಾಗಿ ನುಡಿದರೆ ಮಾತ್ರ ಆ ಪಂಜರ ತೆರೆಯುತ್ತದೆ. ಯಾರು ಹೋಗುತ್ತೀರಿ?"

"ನಾನು ಹೋಗ್ತೀನಿ ಬುದ್ಧಿ," ಅಂದ ಸಣ್ಣೋಬ.

"ನಿನಗೆ ಬರುವುದು ಅರ್ಧ ವಿದ್ಯೆ."

"ಮಗಳು ಪೂರ್ತಿ ನನ್ನೋಳು."

ಹೆಂಡತಿಯ ಮದ್ದಳೆ ಹೊತ್ತು ನಡೆದ.

ಬೆಟ್ಟದ ಬುಡದಲ್ಲಿ ಕಲ್ಲಾನೆ ದಾರಿಗೆ ಅಡ್ಡ ನಿಂತಿತ್ತು. ಸಣ್ಣೋಬ ಕೂತ. ಬಲಗೈಯ ಉಂಗುರಬೆರಳನ್ನು ಮದ್ದಳೆಯ ನಡುವಿನ ಕರಿಬೊಟ್ಟಿನ ಅಂಚಿಗೆ ತಾಗಿಸಿದ. ತೋರುಬೆರಳಿಂದ ಮದ್ದಳೆಯ ಅಂಚಿಗೆ ಹೊಡೆದ. ನಂ! ಆನೆ ಪಕ್ಕಕ್ಕೆ ಸರಿಯಿತು.

ನಡುಬೆಟ್ಟದಲ್ಲಿ ಬೆಂಕಿನಾಯಿ ಮೈಮೇಲೆ ಬಂತು. ಸಣ್ಣೋಬ ತೋಳು ಎತ್ತಲಿಲ್ಲ. ಬಲಗೈಯ ಮಣಿಕಟ್ಟು ಮಾತ್ರ ತಿರುಗಿಸಿ ಹೊಡೆದ. ಧೀಂ! ನಾಯಿ ಬಾಲ ಮಡಚಿ ಮಲಗಿತು.

ತುದಿಯಲ್ಲಿ ಪಂಜರ. ಪಕ್ಕದಲ್ಲಿ ಕಾಳಬಂಧ.

"ಬಾರಯ್ಯ ಕುಂಬಾರ. ಗಡಿಗೆ ಮಾರೋಕೆ ಬಂದ್ಯಾ? ಹೊತ್ತು ಮುಳುಗೋದರೊಳಗೆ ನುಡಿಸು. ಇಲ್ಲ ಅಂದ್ರೆ ನೀನೂ ಹಕ್ಕಿ, ಇವರೂ ಕೊನೇತನಕ ಹಕ್ಕಿ."

ಸಣ್ಣೋಬ ಎಡಗೈಯಲ್ಲಿ ಹೊಡೆದ. ತಪ್. ಮತ್ತೆ ಹೊಡೆದ. ತಪ್. ಕೈ ತೊಗಲಿಗೆ ಅಂಟಿಕೊಂಡೇ ಇತ್ತು. ಗಡಿಗೆ ತಟ್ಟುವಾಗ ಕುಂಬಾರನ ಬಲಗೈ ಹೊರಗಿಂದ ಹಲಗೆ ಬೀಸುತ್ತದೆ. ಎಡಗೈ ಒಳಗೆ ಕಲ್ಲು ಒತ್ತಿ ಹಿಡಿದಿರುತ್ತದೆ. ಆ ಕೈ ಎತ್ತಿದರೆ ಹಸಿಮಣ್ಣು ಬಿರಿಯುತ್ತದೆ. ಹುಟ್ಟಿದಾಗಿನಿಂದ ಅವನು ಎತ್ತಿರಲಿಲ್ಲ.

ಕಾಳಬಂಧ ಹೊಟ್ಟೆ ಹಿಡಿದು ನಕ್ಕ. ಹೊತ್ತು ಕೆಂಪಾಯಿತು.

ಪಂಜರದೊಳಗಿಂದ ಒಂದು ಗೊರವಂಕ ಕೂಗಿತು, "ಅಪ್ಪಾ, ಕೈ ತೆಗಿ! ಅದು ಒಡೆಯಲ್ಲ!"

"ಒಡೆಯಲ್ವಾ ಮಗಾ?"

"ತೊಗಲು ಕಣಪ್ಪ! ಮಣ್ಣಲ್ಲ!"

ಸಣ್ಣೋಬ ಉಸಿರು ಬಿಟ್ಟ. ಎಡಗೈ ಬೀಸಿದ. ಬಿಸಿ ಹಂಚು ಮುಟ್ಟಿದವನ ಹಾಗೆ ತಟ್ಟನೆ ಎತ್ತಿದ.

ತೋಂ!

ಬೆಟ್ಟ ಗುಮ್ಮೆಂದಿತು. ಈಗ ಎರಡೂ ಕೈ ಆಡಿಸಿದ. ನಂ, ಧೀಂ, ತೋಂ! ಪಂಜರ ಬಿಚ್ಚಿಕೊಂಡಿತು. ಗೊರವಂಕಗಳೆಲ್ಲ ಮಕ್ಕಳಾಗಿ ಹೊರಗೆ ಬಿದ್ದವು. ಕಾಳಬಂಧ ಬೂದಿಯಾದ. ಗಾಳಿ ಬೀಸಿತು, ಅದೂ ಉಳಿಯಲಿಲ್ಲ.

ಮಕ್ಕಳು ಬೆಂಕಿನಾಯಿಯ ಬಾಲ ಎಳೆಯುತ್ತ ಬೆಟ್ಟ ಇಳಿದರು. ಆ ರಾತ್ರಿ ಕಂಚಿನಕೋಟೆಯ ಎಲ್ಲ ಮನೆಗಳಲ್ಲೂ ಒಲೆ ಉರಿಯಿತು, ಎಲ್ಲರೂ ಹೊಟ್ಟೆತುಂಬ ಉಂಡರು. ಆಮೇಲೆ ಆ ರಾಜ್ಯಕ್ಕೆ ಕೇಡು ಬರಲಿಲ್ಲ.

ಮರುದಿನ ಬೆಳಿಗ್ಗೆ ಸಣ್ಣೋಬ ಪುಟ್ಟಕ್ಕಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡ. ತಲೆಗೆ ಎಣ್ಣೆ ಹಚ್ಚಿದ. ಸಿಕ್ಕು ಬಿಡಿಸಿದ. ಜಡೆ ಹಾಕಲು ಅವನಿಗೆ ಬರುತ್ತಿರಲಿಲ್ಲ. ಹಾಕಿದ.