ಎಡಕ್ಕೆ ಬಾಯಿ

"ಇದೇನ್ರೀ, ಉಲ್ಟಾ ಮಡಚಿಬಿಟ್ಟಿದ್ದೀರಾ?"

ಗಾಯಕಿ ಏಳನೆಯ ಮಾದರಿಯನ್ನು ತಿರುಗಿಸಿ ನೋಡಿ ನಕ್ಕಳು. ಅವಳ ಹಾಡುಗಳ ರೆಕಾರ್ಡಿಗೆ ರಟ್ಟಿನ ಕವರ್ ಮಾಡುತ್ತಿದ್ದವನು ಮೇಜಿನ ಆಚೆ ನಿಂತಿದ್ದ. ರೆಕಾರ್ಡು ಹೊರಬರುವ ಬಾಯಿ ಎಲ್ಲ ಕವರುಗಳಲ್ಲೂ ಬಲಕ್ಕಿರುತ್ತದೆ; ಇದರಲ್ಲಿ ಮಾತ್ರ ಎಡಕ್ಕಿತ್ತು.

"ಉಲ್ಟಾ ಏನಲ್ಲ," ಎಂದ. ಅವನ ಕಿವಿ ಕೆಂಪಾಗಿತ್ತು.

ಏಳು ವಾರಗಳಿಂದ ಹೀಗೇ. ಮಂಗಳವಾರಕ್ಕೊಂದು ಮಾದರಿ. ಪುಸ್ತಕದಂತೆ ತೆರೆಯುವುದು, ಮುಖಕ್ಕೆ ಕಿಟಕಿ ಕೊರೆದದ್ದು, ಹಾಡಿನ ಸಾಲುಗಳಿಗೆಂದು ಒಳಜೇಬು ಇಟ್ಟದ್ದು. ಅವಳು ಪ್ರತಿಸಲವೂ "ಚೆನ್ನಾಗಿದೆ" ಅನ್ನುವಳು. ಅವನೇ "ಇನ್ನೂ ಸರಿಯಾಗಿಲ್ಲ" ಎಂದು ಎತ್ತಿಡುವನು. ನಾಳೆ ಮುದ್ರಣ. ಇವತ್ತು ಆರಿಸಿದರೆ ಆಮೇಲಿನ ಮಂಗಳವಾರಗಳಿಗೆ ನೆಪವಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಐವತ್ತು ದಾಟಿದ ಮೇಲೆ ಬಾಯಿಬಿಟ್ಟು ಹೇಳಲು ಸಂಕೋಚ.

ಮೂಲೆಯಲ್ಲಿ ಅಂಟು ಹಚ್ಚುತ್ತಿದ್ದ ಅವನ ಅಕ್ಕ ತಲೆಯೆತ್ತದೆ ಹೇಳಿದಳು, "ರಟ್ಟಿಗೆ ಬಾಯಿ ಕೊರೆಯೋದ್ರಲ್ಲಿ ನನ್ನ ತಮ್ಮನ್ನ ಬಿಟ್ರಿಲ್ಲ, ಮೇಡಂ. ತನ್ನ ಬಾಯಿ ಬಿಡು ಅಂದ್ರೆ ಮಾತ್ರ ಊಹೂಂ!"

"ಅಕ್ಕಾ, ಸುಮ್ನಿರ್ತೀಯಾ?"

"ನಾನು ಸುಮ್ನೇ ಇದೀನಪ್ಪಾ. ಅಂಟು ಮಾತಾಡ್ತಿದೆ."

ಅವನು ಮಾದರಿಯನ್ನು ಗಾಯಕಿಯ ಕಡೆ ಸರಿಸಿದ. "ಒಂದ್ಸಲ ರೆಕಾರ್ಡು ತೆಗೆದು ನೋಡಿ. ಎಡಗೈಲಿ."

ಅವಳ ನಗು ನಿಂತಿತು. ಹೋದ ವರ್ಷದಿಂದ ಅವಳ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. "ಅಯ್ಯೋ ಪಾಪ" ಅನ್ನಿಸಿಕೊಳ್ಳಲಾರದೆ ಯಾರಿಗೂ ಹೇಳದೆ, ಆ ಕೈಯನ್ನು ಶಾಲಿನೊಳಗೇ ಇಟ್ಟುಕೊಳ್ಳುತ್ತಿದ್ದಳು.

ಮೆಲ್ಲಗೆ ಎಡಗೈ ಚಾಚಿದಳು. ಬಾಯಿಯ ಅಂಚಿನಲ್ಲಿ ಅವನು ಒಂದು ಪುಟ್ಟ ಅರ್ಧಚಂದ್ರ ಕತ್ತರಿಸಿದ್ದ. ಹೆಬ್ಬೆರಳು ಅಲ್ಲಿ ಅಳತೆಗೆ ಸರಿಯಾಗಿ ಕೂತಿತು. ಬೆಣ್ಣೆಯಿಂದ ಕೂದಲು ಎಳೆದಂತೆ ರೆಕಾರ್ಡು ಹೊರಗೆ ಬಂತು.

"ಯಾವಾಗ ನೋಡಿದ್ರಿ?"

"ಮೊದಲ್ನೇ ದಿನಾನೇ. ಟೀ ಲೋಟ ಎಡಗೈಲಿ ತಗೊಂಡ್ರಿ. ಕವರನ್ನ ಬಗ್ಗಿಸಿ ರೆಕಾರ್ಡು ಜಾರಿಸ್ಕೊಂಡ್ರಿ. ಬೆರಳಿನ ಅಳತೆ ಕೊಡಿ ಅಂತ ಹೇಗೆ ಕೇಳೋದು? ಹೋದ ವಾರ ಹಸಿ ಅಂಟಿನ ಮೇಲೆ ನಿಮ್ಮ ಹೆಬ್ಬೆರಳ ಗುರುತು ಬಿದ್ದಿತ್ತು. ಅದನ್ನೇ ಇಟ್ಕೊಂಡು ಕತ್ತರಿಸಿದೆ."

ಅವಳು ಆ ಅರ್ಧಚಂದ್ರವನ್ನು ಬಹಳ ಹೊತ್ತು ಸವರುತ್ತಿದ್ದಳು.

"ಎಲ್ಲರಿಗೂ ಆ ಪುಸ್ತಕದ ಥರದ್ದೇ ಇರ್ಲಿ, ಬಲಕ್ಕೇ ಬಾಯಿ," ಎಂದಳು ಕೊನೆಗೆ. "ಇದೊಂದು ನನಗೆ."

ಆಯ್ಕೆ ಮುಗಿದಿತ್ತು. ಅವನು ಮೇಜಿನ ಮೇಲಿನ ರಟ್ಟಿನ ಚೂರುಗಳನ್ನು ಒಟ್ಟು ಮಾಡಿದ, ಮತ್ತೆ ಹರಡಿದ.

"ಇಂಥದ್ದೇ ಇನ್ನೊಂದು ಮಾಡಿ ನಾನು ಇಟ್ಕೊಳ್ಲಾ? ನೀವು ಬರದಿದ್ರೆ... ಮಂಗಳವಾರ ನನಗೆ ಹೊತ್ತೇ ಹೋಗಲ್ಲ."

ಅಕ್ಕನ ಕುಂಚ ನಿಂತಿತು.

ಗಾಯಕಿ ಬಲಗೈಯನ್ನು ಶಾಲಿನಿಂದ ಹೊರತೆಗೆದು, ಮುಚ್ಚಿಡದೆ, ಮೇಜಿನ ಮೇಲೆ ಅವನ ಕೈಯ ಪಕ್ಕದಲ್ಲಿಟ್ಟಳು.

"ಒಂದೇ ಮನೇಲಿ ಎರಡು ಯಾಕ್ರೀ?"

ಅಕ್ಕ ಡಬ್ಬದ ಮುಚ್ಚಳ ಒತ್ತಿದಳು. "ಅಂತೂ ಅಂಟು ಹಿಡೀತಪ್ಪಾ!"