ಅಪ್ಪನ ಗಾಡಿಯ ರೋಟರ್

ಟಕ್... ಟಕ್... ಟಕ್...

ಗೋಡೆಯಾಚೆ ಯಾರೋ ಉಗುರಿನಿಂದ ತಗಡು ಬಡಿದಂತೆ.

ಅವಳು ಹಾಸಿಗೆಯಲ್ಲಿ ಎದ್ದು ಕುಳಿತಳು. ಗಂಟೆ ಮೂರೂವರೆ. ಆ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಅಪ್ಪ ಗಾಡಿಯ ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪು ಹೀಗೇ ಟಕಟಕ ಎನ್ನುತ್ತ ಕಾರ್ಬುರೇಟರ್ ತುಂಬಿಸುತ್ತಿತ್ತು.

ಆದರೆ ಅಪ್ಪ ಹೋಗಿ ಎಂಟು ತಿಂಗಳು. ಗಾಡಿಯ ಬ್ಯಾಟರಿ ಕಳಚಿ ಏಳು ತಿಂಗಳು.

ಶೆಡ್ಡಿನಲ್ಲಿ ನಿಂತಿದ್ದ ಆ ಬ್ರಿಟಿಷ್ ಗಾಡಿಗೆ ಅಪ್ಪನಷ್ಟೇ ವಯಸ್ಸು. ಗುಡ್ಡ ಹತ್ತಲೆಂದೇ ಮಾಡಿದ್ದು. ಹಸಿರು ಮೈ, ಕ್ಯಾನ್ವಾಸ್ ಹೊದಿಕೆ, ಬಾನೆಟ್ಟಿನ ಮೇಲೆ ಬಿಡಿ ಚಕ್ರ. ಬೆಳಿಗ್ಗೆ ಏಳಕ್ಕೆ ಗುಜರಿಯ ಲಾರಿ ಬಂದು ಅದನ್ನು ಎಳೆದೊಯ್ಯಲಿತ್ತು.

"ಸ್ಟಾರ್ಟ್ ಆದ್ರೆ ಇಟ್ಕೋ. ಆಗ್ಲಿಲ್ವಾ, ಆಮೇಲೆ ನನ್ನನ್ನ ಬೈಬೇಡ," ಎಂದು ಅಣ್ಣ ಗಡುವು ಕೊಟ್ಟಿದ್ದ. ತನ್ನ ಹೊಸ ಕಾರು ಬಿಸಿಲಲ್ಲಿ ಒಣಗುತ್ತಿದೆ ಎಂಬುದು ಅವನ ಸಂಕಟ.

ಅವಳು ಟಾರ್ಚ್ ಹಿಡಿದು ಶೆಡ್ಡಿನ ಬಾಗಿಲು ತಳ್ಳಿದಳು. ಸದ್ದು ನಿಂತಿತು.

ಗಾಡಿಯ ಪಕ್ಕದಲ್ಲಿ ಒಬ್ಬ ನಿಂತಿದ್ದ. ಹೆಗಲಿಗೊಂದು ಚೀಲ. ಬೆಳಕು ಮುಖಕ್ಕೆ ಬಿದ್ದಾಗ ಅವಳ ಎದೆ ಒಮ್ಮೆ ಹಾರಿ, ಮರುಕ್ಷಣ ಕಲ್ಲಾಯಿತು.

ಕಿಡಿ!

ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಸತ್ತ ಇಂಜಿನ್ನಿಗೂ ಕಿಡಿ ಹೊತ್ತಿಸುತ್ತಾನೆಂದು ಅಪ್ಪನೇ ಇಟ್ಟ ಹೆಸರು. ಅಪ್ಪ ತೀರಿಕೊಂಡ ದಿನ ಬೆಳಿಗ್ಗೆ ಈ ಗಾಡಿಯ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಎರಡನ್ನೂ ರಿಪೇರಿಗೆಂದು ಬಿಚ್ಚಿಕೊಂಡು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ಅವೆರಡರ ಜೊತೆ ಅವಳ ನಿದ್ದೆಯನ್ನೂ ಒಯ್ದಿದ್ದ.

"ಕದಿಯೋಕೆ ಇನ್ನೇನು ಉಳಿದಿದೆ ಅಂತ ಬಂದೆ?"

"ಟಾರ್ಚ್ ಕೆಳಗೆ ಹಿಡಿ," ಎಂದ ಅವನು. "ತಂದದ್ದನ್ನ ಗೇಟಿನ ಹತ್ರ ಇಟ್ಟು ಹೋಗೋನಿದ್ದೆ. ಪಂಪಿನ ಸದ್ದು ಕೇಳಿಸ್ತು. ನೀನೇ ಕೀಲಿ ತಿರುಗಿಸಿದ್ದೀಯ ಅಂದ್ಕೊಂಡು ಒಳಗೆ ಬಂದೆ."

"ನಾನು ಈಗ ತಾನೇ ಎದ್ದೆ."

ಇಬ್ಬರೂ ಒಟ್ಟಿಗೆ ಬ್ಯಾಟರಿಯ ಜಾಗ ನೋಡಿದರು. ಖಾಲಿ. ಕಿಲುಬು ಹಿಡಿದ ಎರಡು ವೈರುಗಳು ಗಾಳಿಯಿಲ್ಲದೆಯೂ ಸಣ್ಣಗೆ ತೂಗುತ್ತಿದ್ದವು.

"ಬೆಕ್ಕಿರಬೇಕು," ಎಂದ ಕಿಡಿ.

"ಬೆಕ್ಕು ಕೀಲಿ ತಿರುಗಿಸುತ್ತಾ?"

ಅವನು ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದನ್ನು ಸೀಟಿನ ಮೇಲಿಟ್ಟ. ಕಾರ್ಬುರೇಟರ್. ಹೊಸ ಜೆಟ್, ಹೊಸ ಫ್ಲೋಟ್, ಕನ್ನಡಿಯಂತೆ ಹೊಳೆಯುವ ಮೈ. ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್.

ಅವಳು ಅವನ್ನು ಬೆರಳಿನಿಂದ ಮುಟ್ಟಿ ನೋಡಿದಳು. *ಇವನು ಮಾರಿಕೊಂಡ ಅಂದಿದ್ದನಲ್ಲ ಅಣ್ಣ...*

"ಎಂಟು ತಿಂಗಳು ಬೇಕಾಯ್ತಾ?"

"ಪಾರ್ಟು ಸಿಗಬೇಕಲ್ಲ. ಮುಚ್ಚಿಹೋದ ಗ್ಯಾರೇಜುಗಳ ಡ್ರಾಯರ್ ಎಲ್ಲ ಜಾಲಾಡಿದೆ. ಫೋನ್ ಮಾಡಿದಾಗ ನಿಮ್ಮಣ್ಣ, 'ತಂಗಿಗೆ ಮದುವೆ ನಿಶ್ಚಯ ಆಗಿದೆ, ಈ ಕಡೆ ತಲೆ ಹಾಕ್ಬೇಡ' ಅಂದ್ರು."

"ಯಾರ ಮದುವೆ?"

"ನಿನ್ನದೇ."

"ನನಗೆ ಒಂದು ಮಾತು ಹೇಳಿದ್ರೆ ಆ ಮದುವೆಗೆ ನಾನೂ ಹೋಗ್ತಿದ್ದೆ."

ಅವನು ಅವಳನ್ನು ನೋಡಿದ. ನಗು ತುಟಿಯವರೆಗೆ ಬಂದು, ನಂಬಲಾಗದೆ ಅಲ್ಲೇ ನಿಂತಿತು. ಅವಳು ಮುಖ ತಿರುಗಿಸಿ ಗೂಡಿನಲ್ಲಿದ್ದ ಎರಡು ಪೊಟ್ಟಣ ತೋರಿಸಿದಳು. "ನಾನೂ ಡಿಸ್ಟ್ರಿಬ್ಯೂಟರಿಗೆ ಅಂತ ಪಾಯಿಂಟು, ಕಂಡೆನ್ಸರ್ ತರಿಸಿದ್ದೆ. ಗಾಡಿಯ ವರ್ಷ ನೋಡೇ ಬರೆದಿದ್ದೆ. ಅಪ್ಪ ಬಿಚ್ಚಿಟ್ಟಿದ್ದ ಹಳೇದರ ಪಕ್ಕ ಇಟ್ಟು ನೋಡಿ, ಅಂಗಡಿಯವರೆಲ್ಲ ಅಳತೆ ಸರಿಯಿಲ್ಲ ಅಂದ್ರು."

"ಹೇಗೆ ಸರಿಹೋಗುತ್ತೆ? ನಿಮ್ಮಪ್ಪ ಇದಕ್ಕೆ ಬೇರೆ ಕಾರಿನ ಡಿಸ್ಟ್ರಿಬ್ಯೂಟರ್ ಕೂರಿಸಿದ್ರು. ನಿನ್ನ ಹಾಗೆ ಔಷಧಿ ಅಂಗಡೀಲಿ ಕೆಲಸ ಮಾಡೋರು ಲೇಬಲ್ ನಂಬ್ತಾರೆ. ನಾವು ಬಿಚ್ಚಿ ನೋಡ್ತೀವಿ, ಲೇಬಲ್ ಮೇಡಂ."

ಎಂಟು ತಿಂಗಳ ಮೇಲೆ ಆ ಅಡ್ಡಹೆಸರು! ಅಳು ಬಂದುಬಿಡುವಂತಾಗಿ ಅವಳು ಟಾರ್ಚನ್ನು ಬಿಗಿಯಾಗಿ ಹಿಡಿದಳು.

"ಆದ್ರೆ ಏನೂ ಪ್ರಯೋಜನ ಇಲ್ಲ," ಎಂದ ಅವನು. "ರೋಟರ್ ಸಿಗಲಿಲ್ಲ. ಕಳ್ಳರು ಓಡಿಸಬಾರದು ಅಂತ ನಿಮ್ಮಪ್ಪ ಗಾಡಿ ನಿಲ್ಲಿಸಿದಾಗಲೆಲ್ಲ ಅದನ್ನ ಕಿತ್ತು ಜೇಬಿಗೆ ಹಾಕ್ತಿದ್ರು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತಿರುಗ್ತಾ ಒಂದೊಂದು ಪ್ಲಗ್ಗಿಗೂ ಕರೆಂಟು ಹಂಚೋದು ಅದೇ. ಅದಿಲ್ಲದೆ ದೇವರೇ ಹ್ಯಾಂಡಲ್ ತಿರುಗಿಸಿದ್ರೂ ಇಂಜಿನ್ ಎದ್ದೇಳಲ್ಲ."

ಜೇಬಿಗೆ...

ಅವಳು ಮನೆಯೊಳಗೆ ಓಡಿದಳು. ಆಸ್ಪತ್ರೆಯವರು ಕೊಟ್ಟಿದ್ದ ಕವರು ಬೀರುವಿನಲ್ಲೇ ಇತ್ತು. ಕನ್ನಡಕ, ಕರವಸ್ತ್ರ... ಮತ್ತೆ ಏನೆಂದು ತಿಳಿಯದೆ ಅವಳು ಕಾಪಾಡಿಕೊಂಡಿದ್ದ, ಹೆಬ್ಬೆರಳಿನಷ್ಟು ದೊಡ್ಡ ಕಂದು ತುಂಡು.

ಅವಳು ಅದನ್ನು ಶೆಡ್ಡಿಗೆ ತಂದು ತೋರಿಸಿದ್ದೇ ಕಿಡಿ ಮೂಲೆಯ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟ. "ಊರೂರು ಅಲೆದೆನಲ್ಲೇ... ಇದು ನಿನ್ನ ಬೀರುವಲ್ಲಿತ್ತಾ?"

"ಉಳಿದದ್ದೆಲ್ಲ ನಿನ್ನ ಹತ್ರ ಇತ್ತು, ಇದು ನನ್ನ ಹತ್ರ."

ಬೆಳಗಾಗುವವರೆಗೆ ಇಬ್ಬರೂ ಗಾಡಿಯ ಮೇಲೆ ಬಾಗಿ ಕೆಲಸ ಮಾಡಿದರು. ಅವನು ಗೇಟಿನಾಚೆ ನಿಲ್ಲಿಸಿದ್ದ ತನ್ನ ವ್ಯಾನಿನಿಂದ ಬ್ಯಾಟರಿ ತಂದ, ಪೆಟ್ರೋಲ್ ಸುರಿದ, ಕಾರ್ಬುರೇಟರ್ ಬಿಗಿದ, ಡಿಸ್ಟ್ರಿಬ್ಯೂಟರ್ ಕೂರಿಸಿದ. "ಹಿಡ್ಕೋ, ಪಾಯಿಂಟ್ ಅಂತರ ಸರಿ ಮಾಡಿ ತಗೋತೀನಿ," ಎಂದು ರೋಟರನ್ನು ಅವಳ ಕೈಗಿತ್ತ. ಒಂದೆರಡು ಸಲ ಅವರ ಹಿಂದೆ ಯಾರೋ ಗಂಟಲು ಸರಿಪಡಿಸಿಕೊಂಡಂತಾಯಿತು. ಅವಳು ತಿರುಗಿ ನೋಡಿದಳು. ಅವನು ನೋಡಲಿಲ್ಲ; ಅವನ ಕತ್ತಿನ ಕೂದಲು ಮಾತ್ರ ನಿಮಿರಿತ್ತು.

ಲಾರಿಯ ಹಾರ್ನ್ ಕೇಳಿತು. ಆರೂವರೆಗೇ!

"ಹತ್ತು, ಬೇಗ ಹತ್ತು. ಕೀಲಿ ತಿರುಗಿಸಿ ಚೋಕ್ ಎಳಿ." ಕಿಡಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮುಚ್ಚಿ ಕ್ಲಿಪ್ ಒತ್ತಿ, ಮುಂದೆ ಓಡಿ ಇಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿದ.

ಅಣ್ಣ ಆಕಳಿಸುತ್ತ ಬಂದು ಬಾಗಿಲಲ್ಲಿ ನಿಂತ. "ಏನೋ ಕಿಡಿ, ಎಲ್ಲಿ ಆರಿಹೋಗಿದ್ದೆ? ಬಿಡೋ, ಸತ್ತ ಎಮ್ಮೆಗೆ ಹುಲ್ಲು ಹಾಕ್ಬೇಡ."

ಒಂದು ಸುತ್ತು. ಏನಿಲ್ಲ. ಎರಡನೆಯದು. ಏನಿಲ್ಲ. *ಅಪ್ಪಾ...* ಎಂದುಕೊಂಡಳು ಅವಳು. ಮೂರನೆಯ ಸುತ್ತಿಗೆ ಗಾಡಿ ಮೈ ಕೊಡವಿ, ಕೆಮ್ಮಿ, ಗುಡುಗಿತು. ಶೆಡ್ಡಿನ ತಗಡುಗಳೆಲ್ಲ ನಡುಗಿದವು.

ಅಣ್ಣನ ಆಕಳಿಕೆ ಅರ್ಧಕ್ಕೇ ನಿಂತಿತು.

"ನನ್ನ ಮದುವೆ ಯಾವಾಗಂತೆ ಅಣ್ಣ?" ಎಂದು ಅವಳು ಸೀಟಿನಿಂದಲೇ ಕೇಳಿದಳು.

"ಅದು... ನಿನಗೆ ಒಳ್ಳೆ ಕಡೆ ಸಿಗಲಿ ಅಂತ..." ಅವನು ತಲೆ ಕೆರೆದುಕೊಂಡು ಲಾರಿಯತ್ತ ನಡೆದ. ಲಾರಿ ಖಾಲಿಯಾಗಿಯೇ ಹಿಂತಿರುಗಿತು.

ಕಿಡಿ ಕಿಟಕಿಯ ಬಳಿ ಬಂದ. ಕಣ್ಣು ತುಂಬಿತ್ತು. "ನಿನಗೆ ಮದುವೆ ಆಗಿದ್ದರೂ ಇದನ್ನ ತಂದಿಡ್ತಿದ್ದೆ. ನನ್ನದು ಅಂತ ನಿನ್ನ ಮನೇಲಿ ಏನಾದ್ರೂ ಇರಲಿ ಅಂತ. ಈಗ ಹೋಗು ಅಂದ್ರೆ ಹೋಗ್ತೀನಿ."

"ಹೋಗು."

ಅವನ ಮುಖ ಬಾಡಿತು.

"ಹೋಗಿ ಕೈ ತೊಳ್ಕೊಂಡು ಬಾ," ಎಂದಳು ಅವಳು. "ಗ್ರೀಸ್ ಕೈಯಲ್ಲಿ ನನ್ನ ಕೈ ಹಿಡಿದ್ರೆ ಒಪ್ಪಲ್ಲ."

ಅವನು ನಗುತ್ತ ನಲ್ಲಿಯ ಕಡೆ ಓಡಿದ. ಕಣ್ಣೊರೆಸಿಕೊಳ್ಳಲು ಅವಳು ಸ್ವೆಟರಿನ ಜೇಬಿಗೆ ಕೈ ಹಾಕಿದಳು. ಬೆರಳಿಗೆ ಏನೋ ತಣ್ಣಗೆ ತಗುಲಿತು.

ರೋಟರ್.

ಅವಸರದಲ್ಲಿ ಅವನು ಕೇಳಿರಲಿಲ್ಲ, ಅವಳು ಕೊಟ್ಟಿರಲಿಲ್ಲ. ಆದರೂ ಇಂಜಿನ್ ಓಡುತ್ತಲೇ ಇತ್ತು. ಒಂದು ತಾಳವೂ ತಪ್ಪದೆ.

ಅವಳು ಕೀಲಿ ತಿರುಗಿಸಿದಳು. ಗಾಡಿ ಹೇಳಿದ ಮಾತು ಕೇಳುವ ಮಗುವಿನಂತೆ ಸುಮ್ಮನಾಯಿತು. ಇಳಿದು ಕ್ಲಿಪ್ ಸರಿಸಿ ಮುಚ್ಚಳ ಎತ್ತಿದಳು. ರೋಟರ್ ಕೂರಬೇಕಾದ ಜಾಗ ಬೋಳಾಗಿತ್ತು. ಮುಟ್ಟಿದರೆ ಬೆಚ್ಚಗೆ, ಈಗಷ್ಟೇ ಯಾರೋ ಬೆರಳು ತೆಗೆದಂತೆ. ಅವಳು ಉಸಿರು ಬಿಗಿಹಿಡಿದು ರೋಟರನ್ನು ಅಲ್ಲಿ ಕೂರಿಸಿ, ಮುಚ್ಚಳ ಹಾಕಿದಳು.

"ಏನು ನೋಡ್ತಿದ್ದೀಯ?" ಒದ್ದೆ ಕೈ ಕೊಡವುತ್ತ ಕಿಡಿ ಹಿಂದೆ ನಿಂತಿದ್ದ. "ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಎಂಟು ತಿಂಗಳ ಅಲೆದಾಟದಲ್ಲಿ ಬತ್ತಿದ್ದ ಆ ಮುಖ ಈಗ ಹೇಗೆ ಬೆಳಗುತ್ತಿತ್ತು! ಅವಳು ಅದನ್ನೇ ನೋಡಿದಳು.

"ಇದೆ," ಎಂದಳು. "ಸ್ಟಾರ್ಟ್ ಮಾಡಿದ್ದು ನೀನೇ ಅಲ್ವಾ."

ಅಣ್ಣನಿಗೆ ಬೇಡ. ಇವನಿಗಂತೂ ಬೇಡವೇ ಬೇಡ. ಈ ಬೆಳಿಗ್ಗೆ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ, ಅವಳು ಆ ಒದ್ದೆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.