ನಾಲ್ಕು ಅಂಕಿಯ ಜಾರುಬಂಡೆ

"ಮೈನಸ್ ಇಪ್ಪತ್ತಾ? ಸರಿಯಾಗಿ ಓದು ಮರಿ!" ವೆಲ್ಡರ್ ಮಾಮ ಚಾಕ್ ಹಿಡಿದ ಕೈಯನ್ನು ತಗಡಿನ ಮೇಲೇ ನಿಲ್ಲಿಸಿದರು. "ಎತ್ತರ ಮೈನಸ್ ಆದ್ರೆ ಜಾರುಬಂಡೆ ನೆಲದೊಳಗೆ ಹೋಗುತ್ತೆ. ಮಕ್ಕಳು ಜಾರೋದಾ, ಇಲ್ಲ ಇಲಿಯ ಹಾಗೆ ಬಿಲ ತೋಡೋದಾ?"

ಬಟಾಣಿ ಕೈಯಲ್ಲಿದ್ದ ಎತ್ತರಗಳ ಪಟ್ಟಿಯ ಪ್ರಿಂಟನ್ನು ಮತ್ತೆ ನೋಡಿದಳು. ಮೈನಸ್ ಇಪ್ಪತ್ತು ಸೆಂಟಿಮೀಟರ್ ಎಂದೇ ಇತ್ತು. ಗಿಡ್ಡಗೆ ಗುಂಡಗೆ ಇದ್ದಳೆಂದು ಮನೆಯವರೆಲ್ಲ ಅವಳನ್ನು ಬಟಾಣಿ ಎನ್ನುತ್ತಿದ್ದರು. ಈಗ ನಿಜವಾಗಿಯೂ ಬಟಾಣಿಯಷ್ಟೇ ಆಗಿ ಎಲ್ಲಾದರೂ ಉರುಳಿಹೋಗಬೇಕು ಅನ್ನಿಸಿತು.

ಅವಳ ಅತ್ತೆ ಜಾರುಬಂಡೆ, ಉಯ್ಯಾಲೆ ಮಾಡುವ ವರ್ಕ್‌ಶಾಪ್ ನಡೆಸುತ್ತಿದ್ದರು. ಈ ಜಾರುಬಂಡೆ ಬಟಾಣಿಯ ಶಾಲೆಗೇ. ಸೋಮವಾರ ಅಲ್ಲಿಗೆ ತಲುಪಬೇಕಿತ್ತು.

ಅತ್ತೆ ಬಂದು ಪ್ರಿಂಟ್ ನೋಡಿದರು. ಮುಖ ಸಪ್ಪಗಾಯಿತು.

"ಇಳಿಜಾರು ಲೆಕ್ಕ ಹಾಕೋ ನನ್ನ ಸೂತ್ರವೇ ತಪ್ಪಿರ್ಬೇಕು. ಮೂರು ದಿನ ತಲೆ ಕೆಡಿಸ್ಕೊಂಡಿದ್ದೆಲ್ಲ ದಂಡ. ತಗಡು ಕಟ್ ಮಾಡ್ಬೇಡಿ. ಸೋಮವಾರ ಆಗಲ್ಲ ಅಂತ ಸ್ಕೂಲಿಗೆ ಫೋನ್ ಮಾಡ್ತೀನಿ."

ಬಟಾಣಿಗೆ ಬೆಳಗಿನದು ನೆನಪಾಯಿತು. ಬೆಳಿಗ್ಗೆ ಅತ್ತೆ ಮೊದಲ ಸಲ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಚೀಟಿಯಲ್ಲಿದ್ದ ಸೂತ್ರದ ನಾಲ್ಕು ಅಂಕಿ ಟೈಪ್ ಮಾಡಲು ಹೇಳಿದ್ದರು. ಎರಡು, ಮೈನಸ್ ಮೂರು, ಸೊನ್ನೆ, ಒಂದು. ಸೊನ್ನೆ ಅಂದರೆ ಏನೂ ಇಲ್ಲ ತಾನೆ ಎಂದು ಅವಳು ಉಳಿದ ಮೂರು ಅಂಕಿಗಳನ್ನಷ್ಟೇ ಒತ್ತಿದ್ದಳು. ಈಗ ಹೇಳಿಬಿಟ್ಟರೆ ಅತ್ತೆ ಇನ್ನು ಕಂಪ್ಯೂಟರ್ ಮುಟ್ಟಲೂ ಬಿಡುವುದಿಲ್ಲ.

ಅತ್ತೆ ಫೋನನ್ನು ಕಿವಿಗೆ ಹಿಡಿದರು.

"ಅತ್ತೆ, ನಿಮ್ಮ ಸೂತ್ರ ಸರಿ ಇದೆ! ನಾನೇ ಸೊನ್ನೆ ನುಂಗಿಹಾಕ್ದೆ!"

ಅತ್ತೆ ಫೋನ್ ಇಳಿಸಿದರು. ಆಮೇಲೆ ಕಂಪ್ಯೂಟರ್ ಮುಂದಿನ ಸ್ಟೂಲ್ ಎಳೆದರು. "ಕೂತ್ಕೋ. ನೀನೇ ಸರಿ ಮಾಡು."

ಬಟಾಣಿ ನಂಬಲಾರದೆ ಕುಳಿತಳು.

"ಇದಕ್ಕೆ ಬಹುಪದೋಕ್ತಿ ಅಂತಾರೆ. ಹೆಸರಿಗೆ ಹೆದರಬೇಡ. ನಾಲ್ಕು ಕುರ್ಚಿ ಅಂದ್ಕೋ. ಕೊನೇ ಕುರ್ಚಿಯ ಅಂಕಿ ಇದ್ದ ಹಾಗೇ ಇರುತ್ತೆ. ಅದರ ಪಕ್ಕದ್ದನ್ನ, ದಾರಿಯಲ್ಲಿ ಎಷ್ಟು ಪಾಲು ಬಂದ್ವೋ ಅದರಿಂದ ಒಂದು ಸಲ ಗುಣಿಸ್ಬೇಕು. ಅದರ ಆಚೆಯದನ್ನ ಎರಡು ಸಲ, ಮೊದಲನೇದನ್ನ ಮೂರು ಸಲ. ಎಲ್ಲ ಕೂಡಿ ಏಣಿಯ ಎತ್ತರದಿಂದ ಗುಣಿಸಿದ್ರೆ ಅಲ್ಲಿನ ಎತ್ತರ. ನೀನು ಸೊನ್ನೆನ ಎಬ್ಬಿಸಿ ಕಳಿಸ್ದೆ, ಮಿಕ್ಕವ್ರು ಕುರ್ಚಿ ಬದಲಾಯಿಸಿಬಿಟ್ರು."

ಬಟಾಣಿ ಸೊನ್ನೆ ಸೇರಿಸಿ ಎಂಟರ್ ಒತ್ತಿದಳು. ನೆಲ ಕೊರೆದುಕೊಂಡು ಹೋಗಿದ್ದ ಗೆರೆ ಮಾಯವಾಯಿತು. ಹೊಸ ಗೆರೆ ಮೇಲಿನಿಂದ ನಯವಾಗಿ ಇಳಿದು ಬಂದು ನೆಲಕ್ಕೆ ಮೆಲ್ಲಗೆ ತಾಗಿತು.

"ಅಬ್ಬಾ! ಬರೀ ನಾಲ್ಕು ಅಂಕಿಯಲ್ಲಿ ಇಡೀ ಜಾರುಬಂಡೆನಾ?"

"ಎಲ್ಲಿಯ ಎತ್ತರ ಬೇಕೋ ಕೇಳು, ಹೇಳುತ್ತೆ."

ಅವಳು ಅರ್ಧ ದಾರಿಯ ಎತ್ತರ ಕೇಳಿದಳು. ಎಂಬತ್ತು ಎಂದು ಬಂತು. ಏಣಿಯ ಎತ್ತರ ನೂರ ಅರವತ್ತು, ಸರಿಯಾಗಿ ಅರ್ಧ! ಜಾರುಬಂಡೆ ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ಅದರ ಒಂದೊಂದು ಜಾಗವೂ ಆ ಅಂಕಿಗಳಿಗೆ ಗೊತ್ತಿತ್ತು.

ವೆಲ್ಡರ್ ಮಾಮ ತಗಡಿನ ಮೇಲೆ ಹೊಸ ಚುಕ್ಕಿಗಳನ್ನಿಟ್ಟು ಗೆರೆ ಎಳೆದರು. ಬಟಾಣಿ ಅದರ ಮೇಲಿನ ತುದಿಗೆ ಬೆರಳಿಟ್ಟಳು.

"ಇಲ್ಲಿ ಶುರುವಲ್ಲೇ ಯಾಕೆ ಇಳಿಯಲ್ಲ ಅತ್ತೆ? ಮಟ್ಟವಾಗಿದೆಯಲ್ಲ?"

"ಏಣಿ ಹತ್ತಿ ಬಂದವ್ರು ಕೂತ್ಕೊಬೇಡ್ವಾ? ಆ ಸೊನ್ನೆಯ ಕೆಲಸ ಅದೇ, ಶುರುವಿನ ಇಳಿಜಾರನ್ನ ಸೊನ್ನೆ ಮಾಡೋದು."

ಬಟಾಣಿ ಆ ಮಟ್ಟವಾದ ತುಂಡನ್ನು ನೋಡಿದಳು. ಒಂದನೇ ಕ್ಲಾಸಿನ ಪುಟಾಣಿಗಳು ಏಣಿ ಹತ್ತಿ ಬಂದು, ಕೆಳಗೆ ನೋಡಿ, ಧೈರ್ಯ ಬರುವ ತನಕ ಕೂರುವ ಜಾಗ ಅದು. ಚಾಕ್ ಅಳಿಸದ ಹಾಗೆ ಅವಳು ಬೆರಳನ್ನು ಮೆಲ್ಲಗೆ ತೆಗೆದಳು.